ತಿದ್ದುತ್ತಾ ತಿದ್ದುತ್ತಾ

ನಮ್ಮ ಕನ್ನಡದಲ್ಲಿ ‘ತಿದ್ದು’ ಎನ್ನುವ ಮಾತಿದೆಯಲ್ಲ, ಅದು ನನಗೆ ಬಹಳ ಇಷ್ಟ. ಮಗು, ದೊಡ್ಡವರು ಬರೆದುಕೊಟ್ಟ ಅಕ್ಷರದ ಮೇಲೆ ಮತ್ತೆ ಮತ್ತೆ ಬಳಪ ಆಡಿಸಿದರೆ ಅದೂ ತಿದ್ದುವುದೇ. ಮೇಷ್ಟ್ರು ಕೆಂಪು ಶಾಯಿಯಲ್ಲಿ ತಪ್ಪಿಗೆ ಗೆರೆ ಎಳೆದರೆ ಅದೂ ತಿದ್ದುವುದೇ. ಅಡ್ಡದಾರಿ ಹಿಡಿದ ಮಗನನ್ನು ಸರಿದಾರಿಗೆ ತಂದರೂ ‘ತಿದ್ದಿದರು’ ಎನ್ನುತ್ತೇವೆ. ಹಬ್ಬದ ದಿನ ಕನ್ನಡಿಯ ಮುಂದೆ ನಿಂತು ಕಾಡಿಗೆ, ಕುಂಕುಮ ಸರಿಮಾಡಿಕೊಂಡರೂ ‘ತಿದ್ದಿ ತೀಡಿಕೊಂಡಳು’ ಎನ್ನುತ್ತೇವೆ. ಮಾಡಿದ್ದನ್ನೇ ಮಾಡುವುದಕ್ಕೂ, ಮಾಡಿದ್ದನ್ನು ಉತ್ತಮಪಡಿಸುವುದಕ್ಕೂ ನಮ್ಮ ಹಿರಿಯರು ಒಂದೇ ಮಾತು ಇಟ್ಟುಕೊಂಡರು. ಮೂವತ್ತಾರು ವರ್ಷ ಪ್ರಾಥಮಿಕ ಶಾಲೆಯಲ್ಲಿ ಒಂದನೇ ಕ್ಲಾಸಿಗೇ ಹೆಚ್ಚಾಗಿ ಪಾಠ ಹೇಳಿದವಳು ನಾನು. ಈ ಮಾತಿನ ಜೊತೆಗೇ ನನ್ನ ಆಯುಷ್ಯ ಕಳೆಯಿತು ಅನ್ನಿ.

ಹಾಗೆ ನೋಡಿದರೆ ನಮ್ಮ ಹೆಂಗಸರ ಬದುಕೆಲ್ಲ ಮಾಡಿದ್ದನ್ನೇ ಮಾಡುವುದು. ನಿನ್ನೆ ಗುಡಿಸಿದ ಅಂಗಳವನ್ನೇ ಇವತ್ತು ಗುಡಿಸಬೇಕು, ನಿನ್ನೆ ಬೆಳಗಿದ ಪಾತ್ರೆಯನ್ನೇ ಇವತ್ತೂ ಬೆಳಗಬೇಕು. ನಿನ್ನೆಯ ರಂಗೋಲಿಯನ್ನು ಹಾಲಿನವನ ಚಕ್ರ ಅಳಿಸಿರುತ್ತದೆ, ಅದನ್ನೇ ಮತ್ತೆ ಹಾಕಬೇಕು. ಸಭೆಗಳಲ್ಲಿ ಯಾರಾದರೂ ಭಾಷಣಕಾರರು ‘ದಿನವೂ ತಪ್ಪದೆ ಮಾಡುವ ಸಣ್ಣ ಕೆಲಸವೇ ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ’ ಅಂದಾಗ ನನಗೆ ಒಳಗೊಳಗೇ ನಗು ಬರುತ್ತದೆ. ಅದು ನಿಜವಾಗಿದ್ದರೆ ನಮ್ಮ ಬೀದಿಯ ಹೆಂಗಸರೆಲ್ಲ ಇಷ್ಟು ಹೊತ್ತಿಗೆ ಋಷಿಗಳಾಗಿರಬೇಕಿತ್ತು. ನಲವತ್ತು ವರ್ಷ ಮುದ್ದೆ ತಿರುವಿದ ನನಗೆ ಮುದ್ದೆ ತಿರುವುವುದು ಬಂತು, ಅಷ್ಟೇ. ಅದೂ ನಮ್ಮತ್ತೆ ಬದುಕಿರುವ ತನಕ ಅವರ ಲೆಕ್ಕದಲ್ಲಿ ಗಂಟುಗಂಟೇ ಆಗಿತ್ತು.

ಆದರೂ ಅದರಲ್ಲಿ ಏನೂ ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕಂಡದ್ದಿದೆ. ಅದನ್ನೇ ನಿಮ್ಮ ಹತ್ತಿರ ಹೇಳಿಕೊಳ್ಳೋಣ ಅಂತ.

ನನ್ನ ನೌಕರಿಯೆಲ್ಲ ಮೈಸೂರು ಜಿಲ್ಲೆಯ ಪಡುವಣ ಮಗ್ಗುಲಲ್ಲೇ ಸುತ್ತಿತು. ಕೆ.ಆರ್. ನಗರ, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣ, ಕೊನೆಗೆ ಹುಣಸೂರು. ಆಗಿನ್ನೂ ಸಾಲಿಗ್ರಾಮ, ಸರಗೂರುಗಳು ಬೇರೆ ತಾಲ್ಲೂಕುಗಳಾಗಿರಲಿಲ್ಲ. ವರ್ಗ ಆದಾಗಲೆಲ್ಲ ಟ್ರಂಕು, ಸ್ಟೌವು, ಎರಡು ಹಾಸಿಗೆ ಸುರುಳಿ ಲಾರಿಗೆ ಏರಿಸುವುದು, ಹೊಸ ಊರಿನಲ್ಲಿ ನೀರು ಎಲ್ಲಿ ಸಿಗುತ್ತದೆ ಎಂದು ಮೊದಲು ವಿಚಾರಿಸುವುದು. ಒಂದೇ ಜಿಲ್ಲೆಯ ಊರುಗಳು ಅಂತ ಹೆಸರಿಗೆ. ಒಂದು ಕಡೆ ಕಾಲುವೆ ನೀರು ಕುಡಿದು ಹಸಿರಾಗಿರುವ ಭತ್ತದ ಬಯಲು, ಇನ್ನೊಂದು ಕಡೆ ಆನೆ ದಾಟುವ ಕಾಡು, ಮತ್ತೊಂದು ಕಡೆ ಹೊಗೆಸೊಪ್ಪಿನ ಹೊಲ.

ಮೊದಲ ಶಾಲೆ ಕೆ.ಆರ್. ನಗರದ ಕಡೆ. ಊರಿಗೆ ಮೊದಲು ಎಡತೊರೆ ಅಂತ ಹೆಸರಿತ್ತಂತೆ. ಕಾವೇರಿಯ ಪ್ರವಾಹ ಹಳೆಯ ಊರಿಗೆ ನುಗ್ಗಿದ ಮೇಲೆ ಎತ್ತರದಲ್ಲಿ ಅಚ್ಚುಕಟ್ಟಾದ ಹೊಸ ಊರು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು ಎಂದು ಹಿರಿಯರು ಹೇಳುತ್ತಿದ್ದರು. ನಮ್ಮ ಶಾಲೆಯ ಹಿಂದೆಯೇ ಗದ್ದೆ. ನಾಟಿಯ ದಿನಗಳಲ್ಲಿ ಮಕ್ಕಳ ಹಾಜರಿ ಅರ್ಧಕ್ಕೆ ಇಳಿಯುತ್ತಿತ್ತು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ, ಹುಡುಗಿ ವಯಸ್ಸಿನ ಉತ್ಸಾಹದಲ್ಲಿ ನಾನೂ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ. ಎರಡು ಮೂರು ಪೈರು ಹಿಡಿದು ಕೆಸರಿಗೆ ಒತ್ತುವುದು, ಒಂದು ಹೆಜ್ಜೆ ಹಿಂದಕ್ಕೆ ಸರಿಯುವುದು, ಮತ್ತೆ ಒತ್ತುವುದು. ಹತ್ತು ಹೆಜ್ಜೆಯಲ್ಲಿ ನನ್ನ ಸಾಲು ಹಾವಿನ ಹಾಗೆ ಬಳುಕಿತು. ಪಕ್ಕದ ಸಾಲಿನ ಅಜ್ಜಿ ತಲೆಯನ್ನೂ ಎತ್ತದೆ, “ಮೇಡಮ್ಮೋರೆ, ಈಗ್ ನೆಟ್ಟಿದ್ ಪೈರ್ ನೋಡ್ಕಂಡು ನೆಡಬ್ಯಾಡಿ. ಮೊದಲ್ನೇದ್ ನೋಡ್ಕಳಿ” ಎಂದಳು. ನನಗೆ ಆಗ ಅದು ಕೆಲಸದ ಒಂದು ಚಿಕ್ಕ ಗುಟ್ಟಾಗಿ ಕಂಡಿತೇ ಹೊರತು ಹೆಚ್ಚೇನೂ ಅಲ್ಲ. ಅದು ಉಪಯೋಗಕ್ಕೆ ಬಂದದ್ದು ಹದಿನಾಲ್ಕು ವರ್ಷದ ಮೇಲೆ, ಗದ್ದೆಯಲ್ಲಲ್ಲ.

ಎಚ್.ಡಿ. ಕೋಟೆಯ ದಿನಗಳ ಬಗ್ಗೆ ಬರೆಯಲು ಹೊರಟರೆ ಅದೇ ಒಂದು ಪುಸ್ತಕವಾದೀತು, ಇಲ್ಲಿ ಒಂದೇ ಮಾತು. ಬೀಚನಹಳ್ಳಿಯ ಹತ್ತಿರ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರು ಎಷ್ಟೋ ಹಳ್ಳಿ, ಹಾಡಿಗಳನ್ನು ಎಬ್ಬಿಸಿತ್ತು. ಕಾಡಿನಿಂದ ಈಚೆ ಬಂದ ಜೇನುಕುರುಬರ ಹಾಡಿಯೊಂದರ ಮಕ್ಕಳು ನಮ್ಮ ಶಾಲೆಯ ಪಟ್ಟಿಯಲ್ಲಿ ಇದ್ದರು, ಬೆಂಚಿನ ಮೇಲೆ ಇರಲಿಲ್ಲ. ನನ್ನ ಜೊತೆಗಿದ್ದ ಮೇಷ್ಟ್ರೊಬ್ಬರು ದಿನಾ ಬೆಳಗ್ಗೆ ಎಂಟಕ್ಕೆ ಹಾಡಿಗೆ ನಡೆದು ಹೋಗಿ, ಐದು ನಿಮಿಷ ಕೂತು, ಯಾರಿಗೂ ಬೈಯದೆ, ಉಪದೇಶ ಹೇಳದೆ, “ಬರ್ತೀರೇನ್ರಪ್ಪಾ” ಎಂದು ಕೇಳಿ ವಾಪಸ್ಸು ಬರುತ್ತಿದ್ದರು. ಆನೆ ಇದೆ ಎಂದು ಸುದ್ದಿ ಬಂದ ದಿನ ಮಾತ್ರ ಒಂಬತ್ತಕ್ಕೆ. ನಾಲ್ಕು ತಿಂಗಳು ಒಂದು ಮಗುವೂ ಬರಲಿಲ್ಲ. “ಇದೇನು ಸಾರ್, ಹರಕೆಯೇ?” ಎಂದು ನಾವು ನಗುತ್ತಿದ್ದೆವು. ಐದನೇ ತಿಂಗಳು ಅವರಿಗೆ ಜ್ವರ ಬಂದು ಎರಡು ದಿನ ಹೋಗಲಿಲ್ಲ. ಮೂರನೇ ದಿನ ನಾಲ್ಕು ಮಕ್ಕಳು ತಾವೇ ಶಾಲೆಯ ಬಾಗಿಲಿಗೆ ಬಂದು, ಮೇಷ್ಟ್ರು ಎಲ್ಲಿ ಎಂದು ಕೇಳಿದವು.

ಪಿರಿಯಾಪಟ್ಟಣಕ್ಕೆ ಬಂದದ್ದು 1999ರಲ್ಲಿ. ಪಟ್ಟಣದಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಶಾಲೆ, ಅಲ್ಲೇ ಒಂದು ಬಾಡಿಗೆ ಮನೆ. ಯಜಮಾನರು ತಾಲ್ಲೂಕು ಕಚೇರಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದರು. ಪಕ್ಕದ ಮನೆಯವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಈಗಲೂ ಹಾಗೇ. ಹೆಸರು ಇಲ್ಲಿ ಬೇಡ; ಆ ಸೀಮೆಯಲ್ಲಿ ಹತ್ತು ಮನೆಗೊಬ್ಬಳಿಗೆ ಇರುವ ಹೆಸರೇ. ಅದರೊಳಗೆ ‘ಕ್ಷ’ಕ್ಕೆ ‘ಮ’ ಒತ್ತು ಬರುತ್ತದೆ ಎಂದರೆ ನಿಮಗೆ ಗೊತ್ತಾಗಿ ಹೋಯಿತು.

ಅಕ್ಕನ ಕೈ ಮೊದಲು ನೋಡಿದ್ದು ಎಲೆ ಕಟ್ಟುವ ಚಪ್ಪರದಲ್ಲಿ. ಹೊಗೆಸೊಪ್ಪಿನ ಗಿಡದಲ್ಲಿ ಕೆಳಗಿನ ಎಲೆ ಮೊದಲು ಹಣ್ಣಾಗುತ್ತದೆ. ವಾರಕ್ಕೊಂದು ಸಾರಿ ಎರಡು ಮೂರು ಎಲೆ ಮುರಿಯುತ್ತಾ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮುರಿದ ಎಲೆಯನ್ನು ಅವತ್ತೇ ಉದ್ದ ಕಡ್ಡಿಗೆ ಎಡಕ್ಕೊಂದು ಹಿಡಿ, ಬಲಕ್ಕೊಂದು ಹಿಡಿ ಅಂತ ದಾರದಲ್ಲಿ ಕಟ್ಟಬೇಕು. ಒಂದು ಕಡ್ಡಿಗೆ ಸುಮಾರು ನೂರು ಎಲೆ. ಆ ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಅಂತಸ್ತು ಅಂತಸ್ತಾಗಿ ನೇತು ಹಾಕಿ, ಹೊರಗಿನಿಂದ ಸೌದೆ ಉರಿಸಿ, ಐದಾರು ದಿನ ಹದವಾಗಿ ಬೇಯಿಸಬೇಕು. ಮೊದಲು ಮೈಬಿಸಿಯಷ್ಟೇ ಕಾವು, ಎಲೆ ಹಳದಿಗೆ ತಿರುಗಲು. ಆಮೇಲೆ ಮೆಲ್ಲ ಮೆಲ್ಲನೆ ಏರಿಸಿ, ದಂಟು ಒಣಗುವ ಹೊತ್ತಿಗೆ ಫ್ಯಾರನ್‌ಹೀಟಿನಲ್ಲಿ 160 ಡಿಗ್ರಿಯವರೆಗೆ. ಅವಸರ ಮಾಡಿದರೆ ಎಲೆ ಹಸಿರಾಗಿಯೇ ಸೀದು ಹೋಗುತ್ತದೆ, ಮೈಮರೆತರೆ ಕಪ್ಪಾಗುತ್ತದೆ. ರಾತ್ರಿಯೆಲ್ಲ ಎದ್ದು ಬೆಂಕಿ ನೋಡಬೇಕು.

ಅಕ್ಕನ ಬೆರಳು ದಾರ ಸುತ್ತುವುದು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಮಾತಾಡುತ್ತಾ, ಮಗುವನ್ನು ಗದರುತ್ತಾ, ಎಲೆ ಎಣಿಸದೆಯೇ ಪ್ರತಿ ಹಿಡಿಗೂ ಅಷ್ಟೇ ಎಲೆ. ಹನ್ನೆರಡನೇ ವಯಸ್ಸಿನಿಂದ ಕಟ್ಟುತ್ತಿದ್ದಾಳಂತೆ. ಈ ಕೈ ನೋಡಿದರೆ ಭಾಷಣಕಾರರು ‘ನೋಡಿ, ಅಭ್ಯಾಸದ ಮಹಿಮೆ’ ಎಂದಾರು. ನಾನು ಅನ್ನುವುದಿಲ್ಲ. ಮದುವೆಗೆ ಮುಂಚೆ ಕಂಡವರ ಚಪ್ಪರದಲ್ಲಿ ಕಡ್ಡಿಗಿಷ್ಟು ಅಂತ ಕೂಲಿಗೆ ಕಟ್ಟಿದಳು. ಮದುವೆಯಾದ ಮೇಲೆ ಗಂಡನ ಮನೆಯದು ಅಂತ ಕೂಲಿಯೂ ಇಲ್ಲದೆ ಕಟ್ಟಿದಳು. ಕೈ ಚುರುಕಾದಷ್ಟೂ ಕೆಲಸ ಹೆಚ್ಚಾಯಿತೇ ಹೊರತು ಅವಳ ಗಂಟಿಗೆ ಒಂದು ರೂಪಾಯಿ ಸೇರಲಿಲ್ಲ. ಮಳೆಯಲ್ಲಿ ನೆಂದ ಹಸಿ ಎಲೆ ಮುಟ್ಟಿ ಮುಟ್ಟಿ ತಲೆ ಸುತ್ತಿ, ವಾಂತಿ ಮಾಡಿಕೊಂಡು, ಬಾಯಿ ಮುಕ್ಕಳಿಸಿ ಮತ್ತೆ ಬಂದು ಕೂರುವುದನ್ನೂ ನೋಡಿದ್ದೇನೆ. ಎಲೆಯ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿಯುತ್ತದೆ. ಸಿಗರೇಟು ಸೇದುವವರು ಎಲ್ಲೋ ಇರುತ್ತಾರೆ, ಅದರ ವಿಷ ಮೊದಲು ಇಳಿಯುವುದು ಕಟ್ಟುವವಳ ಕೈಗೆ. ಹೊಗೆಸೊಪ್ಪನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ ಎಂಬುದು ನಿಮಗೆ ತಿಳಿಯಲಿ. ತಂಬಾಕು ಕಡಿಮೆ ಮಾಡುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2004ರಲ್ಲೇ ಸೇರಿದೆ, ಸರಿಯೇ. ಆದರೆ ಆ ಹೊಲಗಳ ನಡುವೆ ಒಂಬತ್ತು ವರ್ಷ ಬದುಕಿದವಳು, ಆ ದುಡ್ಡಿನಲ್ಲೇ ಮಕ್ಕಳು ಸ್ಲೇಟು ಕೊಂಡದ್ದನ್ನು ನೋಡಿದವಳು. ಬೈಯಲು ನನಗೆ ಸುಲಭವಾಗಿ ಬಾಯಿ ಬರುವುದಿಲ್ಲ.

2001ರಲ್ಲಿ ಅಕ್ಕನ ಗಂಡ ತೀರಿಕೊಂಡ. ಮೂರೆಕರೆ ಹೊಲ, ಒಂದು ಬ್ಯಾರನ್ನು, ಇಬ್ಬರು ಮಕ್ಕಳು, ಬ್ಯಾಂಕಿನಲ್ಲಿ ಬೆಳೆ ಸಾಲ. ಈ ಬೆಳೆಯ ವಿಚಾರ ರಾಗಿ, ಹುರುಳಿಯ ಹಾಗಲ್ಲ. 1976ರಲ್ಲಿ ತಂಬಾಕು ಮಂಡಳಿ ಬಂತು, 1984ರಿಂದ ಕರ್ನಾಟಕದಲ್ಲಿ ಮಂಡಳಿಯ ಹರಾಜು ಕಟ್ಟೆಗಳಲ್ಲೇ ಮಾರಾಟ. ಬೆಳೆಯುವುದಕ್ಕೂ, ಬ್ಯಾರನ್ನಿಗೂ ಮಂಡಳಿಯಲ್ಲಿ ಹೆಸರು ನೋಂದಾಯಿಸಿರಬೇಕು. ಊರಲ್ಲಿ ಅದಕ್ಕೆ ‘ಲೈಸನ್ಸು’ ಎನ್ನುತ್ತಾರೆ. ಲೈಸನ್ಸು ಇದ್ದವನೇ ಊರಿನಲ್ಲಿ ಕುಳ. ಬೇಲು ಹರಾಜಾದ ಹಣದಲ್ಲಿ ಸಾಲ ಮುರಿದುಕೊಂಡು ಉಳಿದದ್ದು ಖಾತೆಗೆ ಬರುತ್ತದೆ. ಗಂಡನ ಹೆಸರಿನಿಂದ ಅಕ್ಕನ ಹೆಸರಿಗೆ ಎಲ್ಲ ಬದಲಾಯಿತು, ಕಾಗದದಲ್ಲಿ. ಓಡಾಡಿದ್ದು ಮೈದುನ. ಬ್ಯಾಂಕಿಗೆ ಕರೆದುಕೊಂಡು ಹೋಗಿ, “ಅತ್ಗೆ, ಇಲ್ಲೊಂದ್ ಒತ್ತಿ” ಎನ್ನುತ್ತಿದ್ದ. ಅಕ್ಕ ಒತ್ತುತ್ತಿದ್ದಳು. ಅವನು ಎಣಿಸಿ ಇಷ್ಟು ಅಂತ ಕೈಗೆ ಕೊಡುತ್ತಿದ್ದ.

ಒಂದು ಸಂಜೆ ಅಕ್ಕ ಬಾಗಿಲಲ್ಲಿ ನಿಂತು, ಒಳಗೆ ಬಾ ಎಂದರೂ ಬಾರದೆ, ತನ್ನ ಎಡಗೈ ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದು ನೋಡಿಕೊಂಡು, “ಮೇಡಮ್ಮೋರೆ, ಈ ಹೆಬ್ಬೆಟ್ಟು ಎಷ್ಟು ರೂಪಾಯ್ದು ಅಂತ ನಂಗೇ ಗೊತ್ತಾಗಾಕಿಲ್ವಲ್ಲ” ಎಂದಳು. ಅವಳಿಗೆ ಆಗ ಮೂವತ್ತೆಂಟು ದಾಟಿತ್ತು.

ನಾನು ಅವಳಿಗೆ ಸಹಿ ಕಲಿಸಲು ಹೊರಟೆ. ಅವಳು ಬೇಡ ಎಂದಳು. ಮೊದಲು ಅಂಕಿ. “ಯೆಸ್ರು ನಂಗೊತ್ತದೆ, ದುಡ್ಡು ಗೊತ್ತಿಲ್ಲ” ಎಂದಳು. ಇಷ್ಟು ವರ್ಷ ಪಾಠ ಹೇಳಿದ ನನಗೆ ಹೊಳೆಯದ ಕ್ರಮ ಅದು. ಅಂಕಿ ಅವಳಿಗೆ ಮೂರು ವಾರದಲ್ಲಿ ಬಂತು. ಕಡ್ಡಿಯ ಲೆಕ್ಕ, ಬೇಲಿನ ತೂಕ, ಕೂಲಿಯ ಬಟವಾಡೆ ಎಲ್ಲ ತಲೆಯಲ್ಲಿ ಇಟ್ಟುಕೊಂಡಿದ್ದವಳಿಗೆ ಅದಕ್ಕೊಂದು ಆಕಾರ ಬೇಕಿತ್ತು, ಅಷ್ಟೇ. ಕಷ್ಟವಾದದ್ದು ಅಕ್ಷರ. ದಾರವನ್ನು ಗಾಳಿಯ ಹಾಗೆ ಸುತ್ತುತ್ತಿದ್ದ ಆ ಬೆರಳು ಬಳಪ ಹಿಡಿದರೆ ಗುದ್ದಲಿ ಹಿಡಿದ ಹಾಗೆ ಬಿಗಿಯುತ್ತಿತ್ತು. ಮೊದಲ ದಿನವೇ ಮೂರು ಬಳಪ ಮುರಿದವು. ಎಲೆಯ ಅಂಟು ಕೈಗೆ ಕರ್ರಗೆ ಹತ್ತಿ, ಎಷ್ಟು ತೊಳೆದರೂ ಹೋಗದೆ, ನೋಟ್‌ಬುಕ್ಕಿನ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಆ ಪುಸ್ತಕ ನನ್ನ ಹತ್ತಿರ ಇದೆ. ಬಿಡಿಸಿದರೆ ಇವತ್ತೂ ಸೊಪ್ಪಿನ ವಾಸನೆ.

ಹಗಲು ಪುರುಸೊತ್ತಿಲ್ಲ. ರಾತ್ರಿ ಬ್ಯಾರನ್ನು ಕಾಯುವಾಗ ಬೆಂಕಿಯ ಬಾಯಿಯ ಎದುರು ಕೂತು ತಿದ್ದುತ್ತಿದ್ದಳು. ನೋಟ್‌ಬುಕ್ಕು ಸಾಲದೆ ಬ್ಯಾರನ್ನಿನ ಸುಣ್ಣದ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆಯಲು ಶುರುಮಾಡಿದಳು. ಬೆಳಗ್ಗೆ ನೋಡಿದರೆ ಎಟುಕುವಷ್ಟು ಎತ್ತರಕ್ಕೂ ಒಂದೇ ಅಕ್ಷರ, ಸಾಲು ಸಾಲು. ಊರ ಗಂಡಸರು “ಏನವ್ವಾ, ಬ್ಯಾರನ್ಗೆ ಮಾಟ ಮಾಡ್ಸಿದ್ದೀಯಾ” ಎಂದು ನಗಾಡಿದರು.

ತಿಂಗಳಾದರೂ ಅಕ್ಷರ ಸುಧಾರಿಸಲಿಲ್ಲ. ಸುಧಾರಿಸದಿದ್ದರೆ ಹೋಗಲಿ, ದಿನೇ ದಿನೇ ಕೆಡುತ್ತಿತ್ತು. ಒಂದು ಭಾನುವಾರ ಆ ಗೋಡೆಯ ಎದುರು ನಿಂತು ನೋಡುತ್ತಿದ್ದಾಗ ನನಗೆ ಕೆ.ಆರ್. ನಗರದ ಅಜ್ಜಿಯ ಮಾತು ನೆನಪಾಯಿತು. ನಾನು ಮೇಲೆ ಒಂದು ಅಚ್ಚಿನ ಹಾಗೆ ಬರೆದುಕೊಟ್ಟಿದ್ದೆ. ಅಕ್ಕನ ಮೊದಲ ಸಾಲು ಅದರ ಹಾಗೇ ಇತ್ತು. ಎರಡನೆಯ ಸಾಲು ಬರೆಯುವಾಗ ಅವಳು ನೋಡಿದ್ದು ನನ್ನ ಅಕ್ಷರವನ್ನಲ್ಲ, ತನ್ನದೇ ಮೊದಲ ಸಾಲನ್ನು. ಮೂರನೆಯದು ಎರಡನೆಯದನ್ನು ನೋಡಿಕೊಂಡು. ಹೀಗೆ ಇಪ್ಪತ್ತನೇ ಸಾಲಿಗೆ ಬರುವ ಹೊತ್ತಿಗೆ ಇಪ್ಪತ್ತು ಸಣ್ಣ ಸೊಟ್ಟ ಸೇರಿ ಅದು ಬೇರೆಯದೇ ಏನೋ ಆಗಿತ್ತು. ಮತ್ತು ಆ ಕೊನೆಯ ಸಾಲೇ ಕೈಯಲ್ಲಿ ಕೂತಿತ್ತು. ಇನ್ನೂರು ಸಾರಿ ಬರೆದು ಅವಳು ತಪ್ಪನ್ನೇ ಭದ್ರ ಮಾಡಿಕೊಂಡಿದ್ದಳು. ಒಂದನೇ ಕ್ಲಾಸಿನ ಮಕ್ಕಳ ಕಾಪಿ ಪುಸ್ತಕ ತೆಗೆದು ನೋಡಿ, ಹಾಳೆಯ ಕೆಳಗಿನ ಸಾಲು ಮೇಲಿನದಕ್ಕಿಂತ ಯಾವಾಗಲೂ ಕೆಟ್ಟದಾಗಿರುತ್ತದೆ. ಸೋಮಾರಿತನ ಅಂತ ನಾವು ಮಕ್ಕಳನ್ನು ಬೈಯುತ್ತೇವೆ.

ಅವತ್ತಿನಿಂದ ಕ್ರಮ ಬದಲಾಯಿತು. ನಾನು ಒಂದು ರಟ್ಟಿನ ಮೇಲೆ ಹೆಸರು ಬರೆದುಕೊಟ್ಟೆ. ಅಕ್ಕ ಒಂದು ಸಾರಿ ಬರೆಯುವುದು, ಬರೆದದ್ದನ್ನು ಅಂಗೈಯಲ್ಲಿ ಮುಚ್ಚುವುದು, ಮತ್ತೆ ರಟ್ಟನ್ನು ನೋಡುವುದು, ಆಮೇಲೆ ಬರೆಯುವುದು. ರಾತ್ರಿಗೆ ಹತ್ತೇ ಸಾರಿ, ಇನ್ನೂರಲ್ಲ. ಬ್ಯಾರನ್ನಿನ ಕಾವು ನೋಡುವ ಹಾಗೆ ನೋಡಕ್ಕಾ ಎಂದಿದ್ದೆ. ಅದು ಅವಳಿಗೆ ತಕ್ಷಣ ಅರ್ಥವಾಯಿತು. ಬೆಂಕಿಯ ಮುಂದೆ ರಾತ್ರಿಯೆಲ್ಲ ಸುಮ್ಮನೆ ಕೂತರೆ ಆಗುವುದಿಲ್ಲ, ಪ್ರತಿ ಸಾರಿಯೂ ಎದ್ದು ಒಳಗಿನ ಎಲೆ ಯಾವ ಬಣ್ಣಕ್ಕೆ ತಿರುಗಿದೆ ಎಂದು ನೋಡಿಯೇ ಸೌದೆ ಹಾಕಬೇಕು ಎನ್ನುವುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ‘ಕ್ಷ್ಮ’ ಎನ್ನುವುದು ಮಾತ್ರ ಆರು ವಾರ ಸತಾಯಿಸಿತು. ಕರೆಯುವುದು ಒಂದು ಥರ, ಬರೆಯುವುದು ಒಂದು ಥರ. “ಯಾವ್ ಪುಣ್ಯಾತ್ಮ ಇಟ್ನೋ ಈ ಹೆಸರ, ಕೆಂಪಿ ಅಂತ ಇಟ್ಟಿದ್ರೆ ಆಗ್ತಿರ್ಲಿಲ್ವಾ” ಎಂದು ಬೈದುಕೊಂಡೇ ಬರೆದಳು.

ನಡುವೆ ಒಂದು ಮಾತು. ಅದೇ ದಿನಗಳಲ್ಲಿ ಮಕ್ಕಳನ್ನು ಬೈಲುಕುಪ್ಪೆಗೆ ಕರೆದುಕೊಂಡು ಹೋಗಿದ್ದೆವು. ಪಿರಿಯಾಪಟ್ಟಣ ತಾಲ್ಲೂಕಿನ ಈ ಜಾಗಕ್ಕೆ ಟಿಬೆಟಿನವರು 1961ರಲ್ಲಿ ಬಂದು ನೆಲೆಸಿದರು. ಅಲ್ಲಿನ ಸೆರಾ ಮಠದಲ್ಲಿ ಹುಡುಗ ಸನ್ಯಾಸಿಗಳು ದೊಡ್ಡ ದೊಡ್ಡ ಗ್ರಂಥಗಳನ್ನು ಬಾಯಿಪಾಠ ಮಾಡುತ್ತಾರೆ, ನಮ್ಮ ಕಾಲದ ಮಗ್ಗಿಯ ಹಾಗೆ ಮೈ ತೂಗುತ್ತಾ. ನೋಡಿ ನನಗೆ ಅಯ್ಯೋ ಅನ್ನಿಸಿತ್ತು. ಆಮೇಲೆ ಅಂಗಳಕ್ಕೆ ಬಂದರೆ ಅದೇ ಸನ್ಯಾಸಿಗಳು ಜೋಡಿ ಜೋಡಿಯಾಗಿ, ಒಬ್ಬ ಕೂತು ಒಬ್ಬ ನಿಂತು, ನಿಂತವನು ಕಾಲು ನೆಲಕ್ಕೆ ಅಪ್ಪಳಿಸಿ, ಚಟ್ಟನೆ ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಿದ್ದ. ಕಂಠಪಾಠ ಮಾಡಿದ್ದನ್ನು ಹಾಗೇ ಒಪ್ಪಿಸಿದರೆ ಸಾಲದು, ಎದುರಿನವನ ಪ್ರಶ್ನೆಗೆ ಅದರಿಂದ ಉತ್ತರ ಹುಟ್ಟಿಸಬೇಕು. ನಮ್ಮ ಶಾಲೆಗಳಲ್ಲಿ ಬಾಯಿಪಾಠ ಬೇಕೇ ಬೇಡವೇ ಎಂದು ತರಬೇತಿಗಳಲ್ಲಿ ಎಷ್ಟು ಚರ್ಚೆ ಮಾಡುತ್ತೇವೆ! ಆ ಚಪ್ಪಾಳೆಯನ್ನು ಯಾವ ತರಬೇತಿಯಲ್ಲೂ ನಾನು ಕೇಳಲಿಲ್ಲ. ಹುಣಸೂರಿಗೆ ಬಂದ ಮೇಲೆ ನನ್ನ ಕ್ಲಾಸಿನಲ್ಲಿ ಮಗ್ಗಿ ಹೇಳಿದ ಮಗು ಇನ್ನೊಂದು ಮಗುವಿಗೆ ಒಂದು ಲೆಕ್ಕ ಕೇಳಲೇಬೇಕು ಎಂದು ನಿಯಮ ಮಾಡಿದೆ. ಗಲಾಟೆ ವಿಪರೀತವಾಗಿ ಪಕ್ಕದ ಕ್ಲಾಸಿನ ಮೇಡಂ ಎರಡು ಸಾರಿ ದೂರು ಕೊಟ್ಟರು.

ಅಕ್ಕನ ಕಥೆಗೆ ಬರೋಣ. ಹರಾಜು ಶುರುವಾಗಿ ಹಣ ಬರುವ ಹೊತ್ತಿಗೆ ಅವಳು, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಬದಲಿಸಿ ಸಹಿ ಮಾಡಿಕೊಡಬೇಕು, ನೀವು ಬನ್ನಿ ಎಂದಳು. ಮೈದುನನಿಗೆ ಹೇಳಿರಲಿಲ್ಲ. ಕೌಂಟರಿನ ಎದುರು ಉದ್ದನೆಯ ಸಾಲು. ಅಕ್ಕ ಪೆನ್ನು ಹಿಡಿದು, ಒಂದೊಂದೇ ಅಕ್ಷರ ಇಳಿಸುತ್ತಿದ್ದರೆ ಹಿಂದಿನವರು ಗೊಣಗಿದರು. ಒಳಗಿದ್ದವರು ಸಹಿ ನೋಡಿ, “ಇದು ಯಾವಾಗಲೂ ಹೀಗೇ ಬರುತ್ತೇನಮ್ಮ? ನಾಳೆ ಬೇರೆ ಥರ ಮಾಡಿದ್ರೆ ದುಡ್ಡು ಕೊಡೋಕಾಗಲ್ಲ. ಹೆಬ್ಬೆಟ್ಟೇ ಇರಲಿ ಬಿಡಿ” ಎಂದರು. ಅಕ್ಕ ಒಂದು ಖಾಲಿ ಚೀಟಿ ತೆಗೆದುಕೊಂಡು, ಅದರ ಹಿಂಬದಿಯಲ್ಲಿ ಒಂದರ ಕೆಳಗೊಂದು ಐದು ಸಹಿ ಮಾಡಿದಳು. ಪ್ರತಿಯೊಂದನ್ನೂ ಬರೆದು ಅಂಗೈಯಲ್ಲಿ ಮುಚ್ಚಿಯೇ ಮುಂದಿನದು. ಐದೂ ಒಂದೇ ಅಚ್ಚು. ಅವರು ಚೀಟಿಯನ್ನು ಎರಡು ಸಾರಿ ನೋಡಿ, ಏನೂ ಹೇಳದೆ ಫಾರಂ ಮುಂದಕ್ಕೆ ತಳ್ಳಿದರು. ಎಷ್ಟು ತೆಗೆಯಬೇಕು ಎಂಬ ಅಂಕಿಯನ್ನೂ ಅವಳೇ ಬರೆದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಪಾಸ್‌ಬುಕ್ಕಿನ ಹಿಂದಿನ ಪುಟಗಳನ್ನು ಒಂದೊಂದೇ ಓದಿದಳು. ಕಳೆದ ಸಾರಿ ತೆಗೆದದ್ದು ಎಷ್ಟು, ಕೈಗೆ ಬಂದದ್ದು ಎಷ್ಟು ಎಂದು ಅಲ್ಲಿ ತಿಳಿಯಿತು. ಅಳುತ್ತಾಳೆ ಎಂದುಕೊಂಡೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಬಸ್ಸು ಹೊಂಟೋದದು, ಏಳಿ” ಎಂದಳು.

ಅದು ಪುಕ್ಕಟೆಯಾಗಿ ಬಂದ ಜಯವಲ್ಲ ಎಂದೂ ಹೇಳಬೇಕು. ಮೈದುನ ಮಾತು ಬಿಟ್ಟ. ಮುಂದಿನ ವರ್ಷ ಉಳುವುದಕ್ಕೆ ಅವನ ಎತ್ತು ಇಲ್ಲ, ಬೇಲು ಸಾಗಿಸಲು ಅವನ ಗಾಡಿ ಇಲ್ಲ. ಎಲ್ಲಕ್ಕೂ ಬಾಡಿಗೆ. ಹಬ್ಬಕ್ಕೆ ಆ ಮನೆಯವರು ಈ ಮನೆಗೆ ಬರಲಿಲ್ಲ. ‘ಓದಿಸಿ ಸಂಸಾರ ಒಡೆದರು’ ಎಂದು ನನ್ನ ಮೇಲೂ ಒಂದಷ್ಟು ದಿನ ಮಾತು ಹೊರಳಾಡಿತು. ಎರಡು ವರ್ಷದ ಮೇಲೆ ಅಕ್ಕ ತಾನೇ ಹೋಗಿ ಅವನ ಮಗಳ ಮದುವೆಗೆ ದುಡ್ಡು ಕೊಟ್ಟು ಬಂದಳು, ಬರೆಸಿಕೊಂಡು. ಹರಾಜು ಕಟ್ಟೆಗೆ ಆಗ ಹೆಂಗಸರು ಹೋಗುವುದು ಕಡಿಮೆ. ಅಕ್ಕ ಬೇಲಿನ ಜೊತೆ ತಾನೇ ಹೋಗಿ ನಿಲ್ಲುತ್ತಿದ್ದಳು, ಬೆಲೆ ಬರೆದ ಚೀಟಿಯನ್ನು ಓದಿಯೇ ಬರುತ್ತಿದ್ದಳು. ಈಗ ಅವಳು ಹೊಗೆಸೊಪ್ಪು ಕಡಿಮೆ ಮಾಡಿ ಶುಂಠಿ, ಜೋಳ ಹಾಕಿದ್ದಾಳೆ. ಮಗಳು ಮೈಸೂರಿನಲ್ಲಿ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಾಳೆ.

ನಾನು ಹುಣಸೂರಿನಲ್ಲೇ ನಿವೃತ್ತಳಾದೆ. ಲಕ್ಷ್ಮಣತೀರ್ಥದ ಹತ್ತಿರ ಸಣ್ಣದೊಂದು ಮನೆ. ಇನ್ನು ಪುರುಸೊತ್ತು, ನಾಲ್ಕು ಕಡೆ ತಿರುಗಾಡಿ ಬರೋಣ ಎಂದು ಅಂದುಕೊಂಡಿದ್ದೆವು. 2023ರ ಮಾಘದಲ್ಲಿ ಒಂದು ಬೆಳಗ್ಗೆ ಯಜಮಾನರು ಕಾಫಿ ಲೋಟ ಹಿಡಿಯಲು ಹೋದರು, ಕೈ ಏಳಲಿಲ್ಲ. ಬಲಭಾಗಕ್ಕೆ ಲಕ್ವ. ಮಾತು ಸ್ವಲ್ಪ ದಿನದಲ್ಲಿ ಸರಿಹೋಯಿತು, ಕಾಲು ಕೋಲಿನ ಆಸರೆಗೆ ಬಂತು, ಕೈ ಬರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಅವರ ಅಕ್ಷರಕ್ಕೆ ಹೆಸರಿತ್ತು. ಮದುವೆಯ ಕರೆಯೋಲೆಯ ವಿಳಾಸ ಬರೆಸಲು ಜನ ಮನೆಗೆ ಬರುತ್ತಿದ್ದರು. ಅವರಿಗೆ ನಡೆಯಲಾಗದ್ದಕ್ಕಿಂತ ಬರೆಯಲಾಗದ್ದೇ ದುಃಖ.

ಮಿದುಳಿನಲ್ಲಿ ಪೆಟ್ಟು ಬಿದ್ದ ಜಾಗ ಮತ್ತೆ ಚಿಗುರುವುದಿಲ್ಲವಂತೆ. ಅದು ಮಾಡುತ್ತಿದ್ದ ಕೆಲಸವನ್ನು ಅಕ್ಕಪಕ್ಕದ ಜಾಗ ಕಲಿಯಬೇಕು, ಒಂದನೇ ಕ್ಲಾಸಿನ ಮಗುವಿನ ಹಾಗೆ. ಅದಕ್ಕೆ ಇರುವುದು ಒಂದೇ ದಾರಿ, ಅದೇ ಚಲನೆಯನ್ನು ದಿನಕ್ಕೆ ನೂರಾರು ಸಾರಿ ಮಾಡಿಸುವುದು. ವ್ಯಾಯಾಮ ಹೇಳಿಕೊಡಲು ಬರುವ ಹುಡುಗಿ ಹೀಗೆ ವಿವರಿಸಿ, “ಆಂಟಿ, ಸುಮ್ನೆ ಕೈ ಆಡಿಸಿದ್ರೆ ಪ್ರಯೋಜನ ಇಲ್ಲ. ಅವರು ಅದನ್ನೇ ನೋಡ್ತಾ, ಮನಸ್ಸಿಟ್ಟು ಮಾಡ್ಬೇಕು. ಒಂದು ಕೆಲಸ ಕೊಡಿ” ಎಂದಳು. ನಾನು ಎರಡು ಬಟ್ಟಲು ಇಟ್ಟೆ. ಒಂದರಲ್ಲಿ ಹುರುಳಿಕಾಳು. ಬಲಗೈಯ ಎರಡು ಬೆರಳಲ್ಲಿ ಒಂದೊಂದೇ ಕಾಳು ಹಿಡಿದು ಇನ್ನೊಂದು ಬಟ್ಟಲಿಗೆ ಹಾಕಬೇಕು. ಮೊದಲ ದಿನ ಒಂದೂ ಆಗಲಿಲ್ಲ. ಬಟ್ಟಲನ್ನೇ ಎಡಗೈಯಲ್ಲಿ ತಳ್ಳಿಬಿಟ್ಟರು. ಹುರುಳಿ ಅಡುಗೆಮನೆಯೆಲ್ಲ ಚೆಲ್ಲಿ, ವಾರಗಟ್ಟಲೆ ಮಂಚದ ಕೆಳಗೆ ಸಿಗುತ್ತಿತ್ತು. “ನನ್ನನ್ನೇನು ನಿನ್ನ ಶಾಲೆ ಮಗು ಅಂದುಕೊಂಡೆಯಾ” ಎಂದು ರೇಗಿದರು. ನನಗೂ ರೇಗಿತು. ನಲವತ್ತು ವರ್ಷದ ಸಂಸಾರದಲ್ಲಿ ಇಬ್ಬರೂ ಒಂದೇ ಹೊತ್ತಿಗೆ ರೇಗಿದ ದಿನಗಳು ಕಡಿಮೆ. ಆ ತಿಂಗಳು ಅವು ಸಾಲಾಗಿ ಬಂದವು.

ಆ ದಿನಗಳಲ್ಲೇ ಅಕ್ಕ ಅವರನ್ನು ನೋಡಲು ಬಂದಳು. ಚೀಲದಲ್ಲಿ ಹಸಿ ಶುಂಠಿ, ಒಂದು ಸೇರು ಅವರೆಕಾಳು. ಯಜಮಾನರ ಎದುರು ನೆಲದ ಮೇಲೆ ಕೂತು ಸ್ವಲ್ಪ ಹೊತ್ತು ಬಟ್ಟಲು ನೋಡಿದಳು. ಸಮಾಧಾನ ಹೇಳಲಿಲ್ಲ. “ಸ್ವಾಮೇರು ಕಾಳ್ ನೋಡ್ತಾವ್ರೆ, ಬೆಳ್ಳು ನೋಡ್ತಾ ಇಲ್ಲ. ನಂಗೂ ಹಂಗೇ ಆಗಿದ್ದು” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಬಟ್ಟಲ್ ತುಂಬ ಯಾಕ್ ಇಟ್ರಿ? ಗುಡ್ಡೆ ನೋಡಿದ್ರೆ ಕೈ ಹೆದ್ರಿಕತದೆ. ಹತ್ತು ಮಡಗಿ” ಎಂದಳು. ಅವರು ಏನೂ ಅನ್ನಲಿಲ್ಲ. ಅವಳು ಹೋದ ಮೇಲೆ ಬಟ್ಟಲಿನಲ್ಲಿ ಹತ್ತು ಕಾಳು ಎಣಿಸಿ ಇಟ್ಟೆ.

ಈಗ ಎರಡು ವರ್ಷ ದಾಟಿದೆ. ಷರಟಿನ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ, ಕತ್ತಿನ ಹತ್ತಿರದ್ದು ಒಂದು ಬಿಟ್ಟು. ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟಿದ್ದೇನೆ, ಸ್ಲೇಟಿನಗಲದ ಅಕ್ಷರ ಬರುತ್ತದೆ. ಅವರ ಹಳೆಯ ಅಕ್ಷರದ ಒಂದು ಕಾಗದವನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಾರೆ. ಹುರುಳಿಯ ಲೆಕ್ಕವನ್ನು ನಾನು ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತೇನೆ. ಮೊನ್ನೆ ಐದು ನಿಮಿಷಕ್ಕೆ ಮೂವತ್ತೊಂದು ಕಾಳು. ನಿನ್ನೆ ಇಪ್ಪತ್ತಾರೇ. ಮೋಡ ಮುಚ್ಚಿದ ದಿನ ಕೈ ಬಿಗಿಯುತ್ತದೆ 
ಎನ್ನುತ್ತಾರೆ. ಇವತ್ತೂ ಮೋಡವಿದೆ. ತಿಂಡಿ ಆಗಿದೆ, ಬಟ್ಟಲು ಜೋಡಿಸಬೇಕು.